ಹುಲ್ಲು ಸವರುವ ಯಂತ್ರ: ಹಾಸನ ಸೀಮೆಯ ಮನೆಬಳಕೆ, ಆಯ್ಕೆ ಮತ್ತು ರಿಪೇರಿ

ಮನೆಯಂಗಳ, ಹಿತ್ತಲು, ತೋಟದ ಬದು, ಖಾಲಿ ಸೈಟುಗಳಲ್ಲಿ ಬೆಳೆದ ಹುಲ್ಲು ಮತ್ತು ಕಳೆಯನ್ನು ಬಗ್ಗದೆ ನಿಂತೇ ಕತ್ತರಿಸಲು ಬಳಸುವ ಯಂತ್ರ. ಉದ್ದನೆಯ ಕೊಳವೆಯ ಒಂದು ತುದಿಯಲ್ಲಿ ಎಂಜಿನ್ ಅಥವಾ ಮೋಟರ್, ಇನ್ನೊಂದು ತುದಿಯಲ್ಲಿ ತಿರುಗುವ ನೈಲಾನ್ ದಾರ ಇಲ್ಲವೇ ಉಕ್ಕಿನ ಬ್ಲೇಡು ಇರುತ್ತದೆ. ದಾರ ಮಾತ್ರ ಕಟ್ಟುವ ಹಗುರ ಯಂತ್ರಕ್ಕೆ ಅಂಗಡಿಗಳಲ್ಲಿ ಗ್ರಾಸ್ ಟ್ರಿಮ್ಮರ್ ಎನ್ನುತ್ತಾರೆ. ದಾರ, ಬ್ಲೇಡು ಎರಡನ್ನೂ ಹಾಕಬಹುದಾದದ್ದು ಬ್ರಷ್ ಕಟರ್. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಎಲ್ಲವೂ ಕಳೆ ಮಷೀನು ಅಥವಾ ಹುಲ್ಲು ಹೊಡೆಯೋ ಮಷೀನು. ಹುಲ್ಲುಹಾಸಿನ ಅಂಚನ್ನು ಗೆರೆ ಎಳೆದಂತೆ ಕೊಯ್ಯುವ ಎಡ್ಜರ್ ಇದರ ಸೋದರ ಯಂತ್ರ. ಈ ಸೀಮೆಯಲ್ಲಿ ಅದು ಅಪರೂಪ, ಆ ಕೆಲಸ ಇಂದಿಗೂ ಸನಿಕೆಯದು. ಬದು ಸವರುವುದು, ಬೇಲಿ ಸವರುವುದು ಎಂದು ರೈತರು ಹೇಳುವ ಮಾತಿನಲ್ಲಿ ಕಳೆ ಮಷೀನು, ಎಡ್ಜರ್ ಎರಡರ ಕೆಲಸವೂ ಅಡಗಿದೆ. ಆದ್ದರಿಂದ ಇಲ್ಲಿ ಸವರುವ ಯಂತ್ರ ಎಂಬ ಹೆಸರನ್ನೇ ಇಟ್ಟುಕೊಂಡಿದೆ.

ಹಿನ್ನೆಲೆ

ಹುಲ್ಲುಹಾಸು ಕತ್ತರಿಸುವ ಉರುಳೆ ಯಂತ್ರವನ್ನು 1830ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್‌ನ ಎಡ್ವಿನ್ ಬಡಿಂಗ್ ರೂಪಿಸಿದ. ಗಿರಣಿಯಲ್ಲಿ ಉಣ್ಣೆಬಟ್ಟೆಯ ಜುಂಗು ಸವರುವ ಯಂತ್ರವನ್ನು ಕಂಡು ಅವನಿಗೆ ಈ ಯೋಚನೆ ಹೊಳೆದಿತ್ತು. ಆದರೆ ಉರುಳೆ ಯಂತ್ರ ಬಯಲಿನಲ್ಲಿ ಓಡುತ್ತದೆಯೇ ಹೊರತು ಮರದ ಬುಡಕ್ಕೆ, ಗೋಡೆಯ ಮಗ್ಗುಲಿಗೆ, ಬೇಲಿಯ ಸಂದಿಗೆ ಹೋಗುವುದಿಲ್ಲ. ಸುಮಾರು ಒಂದೂವರೆ ಶತಮಾನದ ಕಾಲ ಆ ಜಾಗಗಳಲ್ಲಿ ಕುಡುಗೋಲು, ಕತ್ತರಿಗಳೇ ಕೆಲಸ ಮಾಡಿದವು.

1971ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಜಾರ್ಜ್ ಬಾಲಸ್ ಎಂಬಾತ ಕಾರು ತೊಳೆಯುವ ಯಂತ್ರದೊಳಗೆ ಕೂತಿದ್ದಾಗ, ತಿರುಗುವ ಬ್ರಷ್ಷುಗಳ ಮೆತ್ತನೆಯ ಎಳೆಗಳು ವೇಗಕ್ಕೆ ಸೆಟೆದು ನಿಲ್ಲುವುದನ್ನು ಗಮನಿಸಿದ. ಮನೆಗೆ ಬಂದು ಪಾಪ್‌ಕಾರ್ನ್ ಡಬ್ಬಿಗೆ ತೂತು ಕೊರೆದು, ಮೀನು ಹಿಡಿಯುವ ದಾರ ತೂರಿಸಿ, ತನ್ನಲ್ಲಿದ್ದ ಎಡ್ಜರ್‌ಗೆ ಅದನ್ನು ಸಿಕ್ಕಿಸಿ ತಿರುಗಿಸಿದ. ಮರದ ತೊಗಟೆಗೆ ಹೆಚ್ಚು ಪೆಟ್ಟಾಗದೆ ಬುಡದ ಹುಲ್ಲು ಹಾರಿಹೋಯಿತು. ಹೀಗೆ ದಾರದ ಯಂತ್ರ ಹುಟ್ಟಿದ್ದೇ ಅಂಚು ಕೊಯ್ಯುವ ಯಂತ್ರದ ಮೇಲೆ. ಉತ್ಪಾದಕರು ಯಾರೂ ಒಪ್ಪದಿದ್ದಾಗ ಬಾಲಸ್ ತಾನೇ ವೀಡ್ ಈಟರ್ ಎಂಬ ಹೆಸರಿನಲ್ಲಿ ತಯಾರಿಸಿ ಮಾರಿದ. 1977ರಲ್ಲಿ ಆ ಉದ್ಯಮವನ್ನು ಎಮರ್ಸನ್ ಎಲೆಕ್ಟ್ರಿಕ್ ಕಂಪನಿಗೆ ಮಾರಿದ.

ದಾರಕ್ಕೆ ಕತ್ತರಿಸುವ ಶಕ್ತಿ ಬರುವುದು ವೇಗದಿಂದ. 40 ಸೆಂ.ಮೀ. ವ್ಯಾಸದ ಸುತ್ತಿನಲ್ಲಿ ನಿಮಿಷಕ್ಕೆ 6,000 ಸಲ ತಿರುಗುವ ದಾರದ ತುದಿ ಸೆಕೆಂಡಿಗೆ ಸುಮಾರು 125 ಮೀಟರ್ ಸಾಗುತ್ತದೆ. ಗಂಟೆಯ ಲೆಕ್ಕದಲ್ಲಿ ಅದು 450 ಕಿ.ಮೀ. ಹತ್ತಿರ. ಆ ವೇಗದಲ್ಲಿ ಎಳೆ ಹುಲ್ಲು ಬಾಗಲು ಸಮಯವೇ ಇಲ್ಲದೆ ತುಂಡಾಗುತ್ತದೆ. ಯಂತ್ರದ ವೇಗ ಇಳಿದರೆ ಅದೇ ದಾರ ಹುಲ್ಲಿಗೆ ಸುತ್ತಿಕೊಳ್ಳುತ್ತದೆ.

ಎಂಜಿನ್ನಿನ ವಿಷಯದಲ್ಲಿ ಹಾಸನದ ಮೆಕ್ಯಾನಿಕ್ಕುಗಳಿಗೆ ಹೊಸದಾಗಿ ಕಲಿಯುವುದು ಹೆಚ್ಚೇನೂ ಇರಲಿಲ್ಲ. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ಡಿ ಬೈಕುಗಳು, ಬಜಾಜ್ ಚೇತಕ್, ಲೂನಾಗಳು, ಬೆನ್ನಿಗೆ ಹೊತ್ತು ಔಷಧಿ ಹೊಡೆಯುವ ಪವರ್ ಸ್ಪ್ರೇಯರುಗಳು ಎಲ್ಲವೂ ಟೂ ಸ್ಟ್ರೋಕ್. ಪೆಟ್ರೋಲಿಗೆ ಆಯಿಲ್ ಬೆರೆಸುವುದು, ಪ್ಲಗ್ಗಿನ ಬಣ್ಣ ನೋಡಿ ದೋಷ ಹೇಳುವುದು ಆ ಕಾಲದ ವಿದ್ಯೆ. ಕಳೆ ಮಷೀನು ಅದಕ್ಕೆ ಮತ್ತೆ ಕೆಲಸ ಕೊಟ್ಟಿದೆ.

ನಾಲ್ಕು ಊರು, ಬೇರೆ ಬೇರೆ ಹುಲ್ಲು

ಹಾಸನ ಜಿಲ್ಲೆಯಲ್ಲಿ ಮಳೆ ಪಶ್ಚಿಮದಿಂದ ಪೂರ್ವಕ್ಕೆ ಬೇಗ ಇಳಿಯುತ್ತದೆ. ಸಕಲೇಶಪುರದಲ್ಲಿ ಬೀಳುವ ಮಳೆಯ ಮೂರನೇ ಒಂದು ಭಾಗದಷ್ಟು ಚನ್ನರಾಯಪಟ್ಟಣಕ್ಕೆ ಸಿಕ್ಕರೆ ಹೆಚ್ಚು. ಮಲೆನಾಡಿನ ಸೆರಗಿನಲ್ಲಿರುವ ಅರಕಲಗೂಡು ಹೆಚ್ಚು ತೇವದ ತಾಲ್ಲೂಕು. ಹೇಮಾವತಿಯ ನಾಲೆ ಹರಿಯುವ ಹೊಳೆನರಸೀಪುರದಲ್ಲಿ ಗದ್ದೆಯ ಬದುಗಳು ಬೇಸಿಗೆಯಲ್ಲೂ ಹಸಿರು. ತೆಂಗಿನ ಸೀಮೆಯಾದ ಚನ್ನರಾಯಪಟ್ಟಣದಲ್ಲಿ ಕಳೆ ಮಳೆಯ ಜೊತೆ ಬಂದು ಮಳೆಯ ಜೊತೆ ಹೋಗುತ್ತದೆ. ತಂಪು ಹವೆಗೆ ಬಡವರ ಊಟಿ ಎನಿಸಿಕೊಂಡ ಹಾಸನ ನಗರದಲ್ಲಿ ಹೊಸ ಬಡಾವಣೆಗಳ ಮನೆಮುಂದಿನ ಪುಟ್ಟ ಹುಲ್ಲುಹಾಸು ಒಂದು ಕಡೆ, ಕಟ್ಟದೆ ಬಿಟ್ಟ ಸೈಟುಗಳಲ್ಲಿ ಆಳೆತ್ತರದ ಕಳೆ ಇನ್ನೊಂದು ಕಡೆ.

ಸೈಟುಗಳ ಕಳೆಯಲ್ಲಿ ಮೊದಲನೆಯದು ಪಾರ್ಥೇನಿಯಂ, ಜನರ ಮಾತಿನಲ್ಲಿ ಕಾಂಗ್ರೆಸ್ ಗಿಡ. ಭಾರತದಲ್ಲಿ ಇದು ಹರಡಿದ್ದು 1950ರ ದಶಕದ ನಡುವಿನಲ್ಲಿ ಪುಣೆಯ ಕಡೆಯಿಂದ. ಕರ್ನಾಟಕ 1975ರಲ್ಲಿ ಇದನ್ನು ಕಾನೂನಿನ ಪ್ರಕಾರ ಹಾನಿಕಾರಕ ಕಳೆ ಎಂದು ಸಾರಿತು. 1984ರಲ್ಲಿ ಇದರ ಎಲೆ ತಿನ್ನುವ ಮೆಕ್ಸಿಕೊ ಮೂಲದ ದುಂಬಿಯನ್ನು ಬೆಂಗಳೂರಿನಲ್ಲಿ ಬಿಡಲಾಯಿತು. ಮಳೆಗಾಲದಲ್ಲಿ ಆ ದುಂಬಿ ಎಲೆಯನ್ನೆಲ್ಲ ಮೇಯ್ದು ಕಡ್ಡಿ ಉಳಿಸುವುದನ್ನು ಈಗಲೂ ನೋಡಬಹುದು. ಯಂತ್ರದಿಂದ ಪಾರ್ಥೇನಿಯಂ ಸವರುವವರು ಬಿಳಿ ಹೂ ಅರಳುವ ಮೊದಲೇ ಸವರಬೇಕು. ಹೂ ಬಿಟ್ಟ ಮೇಲೆ ಹೊಡೆದರೆ ಬೀಜ ಎರಚಿದ ಹಾಗೆ ಆಗುತ್ತದೆ, ಪರಾಗ ಚರ್ಮಕ್ಕೆ, ಉಸಿರಿಗೆ ತೊಂದರೆ ಕೊಡುತ್ತದೆ. ಬುಡದಿಂದ ಮತ್ತೆ ಚಿಗುರುವ ಗಿಡವಾದ್ದರಿಂದ ಒಂದು ಸಲದ ಕೆಲಸವೂ ಅಲ್ಲ. ನೆಲ ಹಸಿಯಾಗಿರುವಾಗ ಬೇರುಸಹಿತ ಕಿತ್ತರೆ ಅದು ಯಂತ್ರಕ್ಕಿಂತ ಮೇಲು.

ಉಳಿದವು ಗರಿಕೆ, ಜೇಕು, ಉತ್ತರಾಣಿ, ಮುಟ್ಟಿದರೆ ಮುನಿ, ಬೇಲಿಯ ಲಂಟಾನ. ಜೇಕಿನ ಗಡ್ಡೆ ನೆಲದೊಳಗಿರುವುದರಿಂದ ಯಾವ ಯಂತ್ರವೂ ಅದನ್ನು ತೀರಿಸಲಾರದು, ಮೇಲಿನ ಎಲೆಯನ್ನು ತೆಗೆಯಬಲ್ಲದು ಅಷ್ಟೆ. ಲಂಟಾನದ ಕಾಂಡಕ್ಕೆ ದಾರ ಸೋಲುತ್ತದೆ, ಬ್ಲೇಡೇ ಬೇಕು.

ಕಳೆನಾಶಕ ಸಿಂಪಡಿಸುವುದು ಯಂತ್ರಕ್ಕಿರುವ ಪ್ರತಿಸ್ಪರ್ಧಿ. ಗ್ಲೈಫೋಸೇಟ್ ಬಳಕೆಯನ್ನು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಪರವಾನಗಿ ಇರುವ ಕೀಟ ನಿಯಂತ್ರಣ ಸಿಬ್ಬಂದಿಗೆ ಸೀಮಿತಗೊಳಿಸಿತು. ಮನೆಯಂಗಳದಲ್ಲಿ, ಬಾವಿಯ ಪಕ್ಕದಲ್ಲಿ, ಹಸು ಮೇಯುವ ಬದುವಿನಲ್ಲಿ ಅದನ್ನು ಹೊಡೆಯುವುದಕ್ಕಿಂತ ವರ್ಷಕ್ಕೆ ಮೂರು ಸಲ ಸವರುವುದೇ ಸರಿ ಎಂಬುದು ಈ ಲೇಖನದ ನಿಲುವು.

ಆಯ್ಕೆ

ಯಂತ್ರ ಕೊಳ್ಳುವವರು ಸಾಮಾನ್ಯವಾಗಿ ಹುಲ್ಲಿನ ಎತ್ತರ ಹೇಳಿ ಅಂಗಡಿಯವರ ಸಲಹೆ ಕೇಳುತ್ತಾರೆ. ಅದಕ್ಕಿಂತ ಮೊದಲು ನೋಡಬೇಕಾದದ್ದು ಹುಲ್ಲಿನ ಪಕ್ಕದಲ್ಲಿ ಏನಿದೆ ಎಂಬುದನ್ನು. ಕಲ್ಲುಚಪ್ಪಡಿಯೋ, ಕಾಂಪೌಂಡ್ ಗೋಡೆಯೋ, ಎಳೆ ಅಡಿಕೆಯೋ, ಡ್ರಿಪ್ ಪೈಪೋ, ಹಸುವಿನ ಕೊಟ್ಟಿಗೆಯೋ ಎಂಬುದರ ಮೇಲೆ ದಾರವೋ ಬ್ಲೇಡೋ ಎಂಬುದು ತೀರ್ಮಾನವಾಗುತ್ತದೆ. ಎಂಜಿನ್ನಿನ ಗಾತ್ರ ಆಮೇಲಿನ ಮಾತು.

ಗೋಡೆ, ಕಲ್ಲು, ತಂತಿಬೇಲಿಗೆ ತಾಗಿದ ಹುಲ್ಲಿಗೆ ದಾರ. ಬ್ಲೇಡು ಕಲ್ಲಿಗೆ ಬಡಿದರೆ ಹಲ್ಲು ಮುರಿದು ಹಾರುತ್ತದೆ, ದಾರ ಸವೆದು ಚಿಕ್ಕದಾಗುತ್ತದೆ. ಆದರೆ ದಾರ ನಿರುಪದ್ರವಿ ಎಂದು ತಿಳಿಯಬಾರದು. ಬಲಿತ ತೆಂಗಿನ ಬುಡಕ್ಕೆ ಅದು ಏನೂ ಮಾಡದಿದ್ದರೂ ಎಳೆ ಅಡಿಕೆಯ ಹಸಿರು ಕಾಂಡ, ಬಾಳೆಯ ದಿಂಡುಗಳಿಗೆ ಗಾಯ ಮಾಡುತ್ತದೆ, ನೆಟ್ಟು ಎರಡು ವರ್ಷವಾಗದ ಮಾವು, ನಿಂಬೆಗಳ ತೊಗಟೆಯನ್ನು ಸುತ್ತಲೂ ಸುಲಿದುಬಿಡುತ್ತದೆ. ಸುತ್ತಲೂ ತೊಗಟೆ ಹೋದ ಮಾವು, ನಿಂಬೆ ಉಳಿಯುವುದಿಲ್ಲ. ಡ್ರಿಪ್ ಹಾಕಿಸಿದ ತೋಟಗಳಲ್ಲಿ 16 ಮಿ.ಮೀ. ಲ್ಯಾಟರಲ್ ಪೈಪು ಹುಲ್ಲಿನೊಳಗೆ ಕಾಣದೆ ಮಲಗಿರುತ್ತದೆ, ದಾರವೂ ಕೊಯ್ಯುತ್ತದೆ, ಬ್ಲೇಡೂ ಕೊಯ್ಯುತ್ತದೆ. ಸವರುವ ಮೊದಲು ಪೈಪನ್ನು ಎತ್ತಿ ಮರದ ಬುಡಕ್ಕೆ ಸುತ್ತುವುದು ಅರ್ಧ ಗಂಟೆಯ ಕೆಲಸ, ಆಮೇಲೆ ಜಾಯಿಂಟ್ ಹಾಕುತ್ತ ಕೂರುವುದು ಅರ್ಧ ದಿನದ್ದು.

ಹೈನು ಇರುವ ಮನೆಯಲ್ಲಿ ಲೆಕ್ಕ ಬೇರೆ. ಈ ತಾಲ್ಲೂಕುಗಳಲ್ಲಿ ಬದುವಿನ ಹುಲ್ಲು ಕಸವಲ್ಲ, ಸಂಜೆಯ ಮೇವು. ದಾರ ಹುಲ್ಲನ್ನು ಜಜ್ಜಿ ಪುಡಿ ಮಾಡಿ ಮಣ್ಣಿನಲ್ಲಿ ಬೆರೆಸುತ್ತದೆ, ಬಾಚಿ ತೆಗೆಯಲಾಗುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಸವೆದು ಉದುರುವ ನೈಲಾನ್ ಚೂರುಗಳದು. ಹಸುವಿನ ಹೊಟ್ಟೆಗೆ ಹೋದರೆ ಅದು ಕರಗುವುದಿಲ್ಲ. ಮೇವಿನ ಬದುವಿಗೆ ದಾರ ಹಾಕಲೇಬಾರದು. ಕಾರ್ಬೈಡ್ ತುದಿಯ ಬಹುಹಲ್ಲಿನ ದುಂಡು ಬ್ಲೇಡು ಹುಲ್ಲನ್ನು ಬುಡದಲ್ಲಿ ಕೊಯ್ದು ಒಂದೇ ಕಡೆಗೆ ಮಲಗಿಸುತ್ತದೆ, ಹೊರೆ ಕಟ್ಟಲು ಅನುಕೂಲ. ಮಾರುಕಟ್ಟೆಯಲ್ಲಿ 40 ಹಲ್ಲು, 80 ಹಲ್ಲು ಎಂದು ಇವು ಸಿಗುತ್ತವೆ. ಎರಡು ಅಥವಾ ಮೂರು ರೆಕ್ಕೆಯ ಬ್ಲೇಡು ಬೇಲಿಯ ಪೊದೆಗೆ.

ಇನ್ನು ಶಕ್ತಿಯ ಮೂಲ. ಹಾಸನದ ಒಂದು ಸೈಟಿನ ಮನೆಗೆ, ಹುಲ್ಲುಹಾಸು ಒಂದೆರಡು ಗುಂಟೆ ಮೀರದಿದ್ದರೆ, ತಂತಿಯ ವಿದ್ಯುತ್ ಯಂತ್ರ ಅಥವಾ ಬ್ಯಾಟರಿ ಯಂತ್ರ ಸಾಕು. ಪೆಟ್ರೋಲಿನ ತಂಟೆ ಇಲ್ಲ, ನೆರೆಮನೆಯವರಿಗೆ ಸದ್ದಿನ ಕಾಟ ಕಡಿಮೆ. ತಂತಿಯದನ್ನು ಒದ್ದೆ ಹುಲ್ಲಿನಲ್ಲಿ ಬಳಸಬಾರದು, ಮನೆಯ ಮೀಟರ್ ಬೋರ್ಡಿನಲ್ಲಿ ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಇರಲೇಬೇಕು. ಬ್ಯಾಟರಿ ಯಂತ್ರದಲ್ಲಿ ವೋಲ್ಟೇಜ್ ಅಂಕಿಯ ಜೊತೆಗೆ ಆಂಪಿಯರ್-ಅವರ್ ಅಂಕಿಯನ್ನೂ ಓದಬೇಕು. ಅದೇ ಬ್ಯಾಟರಿ ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಬೇಕು. ಯಂತ್ರಕ್ಕಿಂತ ಬ್ಯಾಟರಿ ಮೊದಲು ಸಾಯುತ್ತದೆ.

ಅರ್ಧ ಎಕರೆ ಮೀರಿದ ಹಿತ್ತಲಿಗೆ, ತೆಂಗಿನ ತೋಟಕ್ಕೆ ಪೆಟ್ರೋಲ್ ಯಂತ್ರ. ಟೂ ಸ್ಟ್ರೋಕ್‌ನಲ್ಲಿ 43, 52 ಸಿಸಿಯವು ಹೆಚ್ಚು ಬಳಕೆಯಲ್ಲಿವೆ. ಹಗುರ, ರಿಪೇರಿ ಸುಲಭ, ಹೊಗೆ ಮತ್ತು ಸದ್ದು ಹೆಚ್ಚು. ಫೋರ್ ಸ್ಟ್ರೋಕ್‌ಗೆ ಆಯಿಲ್ ಬೆರೆಸಬೇಕಾಗಿಲ್ಲ, ಪೆಟ್ರೋಲ್ ಕಡಿಮೆ ಕುಡಿಯುತ್ತದೆ. ಹೋಂಡಾದ ಜಿಎಕ್ಸ್35 ಎಂಬ 35.8 ಸಿಸಿ ಎಂಜಿನ್ ಇದಕ್ಕೆ ಪರಿಚಿತ ಉದಾಹರಣೆ. ಅದರ ಹೊಟ್ಟೆಯಲ್ಲಿ ಇರುವುದು 100 ಮಿ.ಲೀ. ಆಯಿಲ್ ಅಷ್ಟೆ. ಹೀಗಾಗಿ ಅಳತೆ ನೋಡದೆ ಓಡಿಸಿದರೆ ಟೂ ಸ್ಟ್ರೋಕ್‌ಗಿಂತ ಬೇಗ ಹಾಳಾಗುವುದೂ ಫೋರ್ ಸ್ಟ್ರೋಕೇ. ಹೆಂಗಸರೂ ವಯಸ್ಸಾದವರೂ ನಡೆಸುವ ಮನೆಯಲ್ಲಿ ತೂಕವನ್ನು ಅಂಗಡಿಯಲ್ಲೇ ಹೆಗಲಿಗೆ ಹಾಕಿಕೊಂಡು ನೋಡಬೇಕು, ಅದೂ ಟ್ಯಾಂಕು ತುಂಬಿಸಿ.

ಕೃಷಿ ಇಲಾಖೆಯ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗದ ರೈತರಿಗೆ ಶೇ. 50, ಪರಿಶಿಷ್ಟ ಜಾತಿ ಮತ್ತು ಪಂಗಡದ ರೈತರಿಗೆ ಶೇ. 90ರವರೆಗೆ ಸಹಾಯಧನದ ಪದ್ಧತಿ ಇದೆ. ಯಾವ ಯಂತ್ರಕ್ಕೆ ಎಷ್ಟು ಎಂಬ ಆಯಾ ವರ್ಷದ ಪಟ್ಟಿ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಸಿಗುತ್ತದೆ, ಪಹಣಿ ಮತ್ತು ಫ್ರೂಟ್ಸ್ ಎಂಬ ರೈತರ ನೋಂದಣಿ ಬೇಕು. ವರ್ಷಕ್ಕೆ ಎರಡು ದಿನದ ಕೆಲಸ ಇರುವವರಿಗೆ ಬಾಡಿಗೆಯೇ ಲಾಭ. ರಾಜ್ಯದಲ್ಲಿ 2014-15ರಲ್ಲಿ ಶುರುವಾದ ಕೃಷಿ ಯಂತ್ರಧಾರೆ ಕೇಂದ್ರಗಳು ಇರುವುದೇ ಯಂತ್ರಗಳನ್ನು ಬಾಡಿಗೆಗೆ ಕೊಡಲು. ಯಂತ್ರ ತಂದು ಗಂಟೆ ಲೆಕ್ಕದಲ್ಲಿ ಹೊಡೆದುಕೊಡುವ ಹುಡುಗರು ಪ್ರತಿ ಹೋಬಳಿಯಲ್ಲೂ ಸಿಗುತ್ತಾರೆ.

ಕೊನೆಗೆ ಬಿಡಿಭಾಗ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೂರೂ ಹಾಸನದಿಂದ 30ರಿಂದ 40 ಕಿ.ಮೀ. ದೂರದಲ್ಲಿವೆ. ಒಂದು ಕಾರ್ಬ್ಯುರೇಟರ್ ಡಯಾಫ್ರಂಗಾಗಿ ಹಾಸನಕ್ಕೆ ಹೋಗಿಬಂದರೆ ಒಂದು ದಿನ ಹೋಯಿತು. ಕೊಳ್ಳುವ ಮೊದಲೇ ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ದಾರದ ತಲೆ, ಕ್ಲಚ್ ಶೂ, ಸ್ಟಾರ್ಟರ್, ಕಾರ್ಬ್ಯುರೇಟರ್ ಈ ನಾಲ್ಕನ್ನು ತೋರಿಸಿ ಎಂದು ಕೇಳುವುದು ಒಳ್ಳೆಯದು. ತೋರಿಸಲಾಗದ ಯಂತ್ರವನ್ನು, ಎಷ್ಟೇ ಹೆಸರುವಾಸಿಯಾಗಿದ್ದರೂ, ಬಿಡುವುದೇ ಕ್ಷೇಮ.

ಅಂಚು ಕೊಯ್ಯುವುದು

ಗರಿಕೆ ಗಣಪತಿಗೆ ಪ್ರಿಯ, ಅಂಗಳಕ್ಕೆ ಹುಲ್ಲುಹಾಸು, ಹೊಲಕ್ಕೆ ಕಳೆ. ಇದು ನೆಲದ ಮೇಲೆ ಬಳ್ಳಿಯಾಗಿಯೂ ನೆಲದೊಳಗೆ ಬೇರುಕಾಂಡವಾಗಿಯೂ ಹರಿಯುತ್ತದೆ. ಹುಲ್ಲುಹಾಸಿಗೆ ನೆಡುವ ಕೊರಿಯನ್ ಹುಲ್ಲಿನ ಸ್ವಭಾವವೂ ಹಾಗೆಯೇ, ನಿಧಾನ ಮಾತ್ರ. ದಾರದ ಯಂತ್ರವನ್ನು ಮಗ್ಗುಲಾಗಿ ತಿರುಗಿಸಿ ಅಂಚಿಗೆ ಹಿಡಿದರೆ ಮೇಲಿನ ಬಳ್ಳಿ ಕತ್ತರಿಸುತ್ತದೆ, ನೋಟಕ್ಕೆ ಗೆರೆ ಮೂಡುತ್ತದೆ. ಒಳಗಿನ ಕಾಂಡ ಹಾಗೇ ಉಳಿದು ಸ್ವಲ್ಪ ದಿನದಲ್ಲಿ ಹೂವಿನ ಮಡಿಯಲ್ಲಿ ತಲೆ ಎತ್ತುತ್ತದೆ. ನಿಜವಾದ ಅಂಚು ಬೇಕಾದರೆ ಮೂರರಿಂದ ಐದು ಸೆಂ.ಮೀ. ಆಳಕ್ಕೆ ಮಣ್ಣನ್ನೇ ಕೊಯ್ಯಬೇಕು.

ಎಡ್ಜರ್ ಯಂತ್ರದ ಲಂಬ ಬ್ಲೇಡು ಮಾಡುವುದು ಇದನ್ನೇ. ಆದರೆ ಹಾಸನದ ಒಂದು ಸೈಟಿನ ಮನೆಯಲ್ಲಿ ಹುಲ್ಲುಹಾಸಿನ ಅಂಚು ಎಲ್ಲ ಸೇರಿ ಹತ್ತಿಪ್ಪತ್ತು ಮೀಟರ್ ಇರಬಹುದು. ಅದಕ್ಕೆ ಒಂದು ಯಂತ್ರ ಕೊಳ್ಳುವುದು ದುಂದು. ಬಾಯಿ ಹರಿತವಾದ ಸನಿಕೆ, ಎರಡು ಗೂಟ, ಒಂದು ಹುರಿ ಸಾಕು. ಮಳೆ ಬಂದ ಮರುದಿನ, ಕೆಂಪು ಮಣ್ಣು ಕೆಸರಾಗದೆ ಹದವಾಗಿರುವಾಗ, ಹುರಿ ಬಿಗಿದು ಸನಿಕೆಯನ್ನು ನೆಟ್ಟಗೆ ಕಾಲಿನಿಂದ ಒತ್ತುತ್ತ ಹೋದರೆ ಬೆಣ್ಣೆ ಕೊಯ್ದ ಹಾಗೆ ಇಳಿಯುತ್ತದೆ. ಬಿಸಿಲಿಗೆ ಗಟ್ಟಿಯಾದ ಮೇಲೆ ಅದೇ ಮಣ್ಣು ಸನಿಕೆಯ ಬಾಯಿ ಮಡಚುತ್ತದೆ. ಹೀಗೆ ತೆಗೆದ ಕಿರುಗಾಲುವೆಯನ್ನು ತಿಂಗಳಿಗೊಮ್ಮೆ ದಾರದ ಯಂತ್ರದಿಂದ ಸವರಿಕೊಂಡರೆ ವರ್ಷವಿಡೀ ಗೆರೆ ಉಳಿಯುತ್ತದೆ. ಹೋಂ ಸ್ಟೇ, ಕಲ್ಯಾಣ ಮಂಟಪ, ಶಾಲೆಯ ಮೈದಾನದಂಥ ನೂರಾರು ಮೀಟರ್ ಅಂಚಿರುವ ಕಡೆ ಮಾತ್ರ ಎಡ್ಜರ್ ಯಂತ್ರಕ್ಕೆ ಹಣ ಹಾಕಬಹುದು.

ಈ ಜಿಲ್ಲೆಯಲ್ಲಿ ಅಂಚಿನ ಇನ್ನೊಂದು ಸೂಕ್ಷ್ಮವಿದೆ. ದೊಡ್ಡಗದ್ದವಳ್ಳಿ, ಮೊಸಳೆ, ಕೋರವಂಗಲ, ನುಗ್ಗೇಹಳ್ಳಿ ಹೀಗೆ ಊರೂರಿಗೆ ಹೊಯ್ಸಳ ಗುಡಿಗಳು, ಅವುಗಳ ಸುತ್ತ ವೀರಗಲ್ಲು, ಮಾಸ್ತಿಕಲ್ಲುಗಳು. ಹೊಯ್ಸಳರು ಬಳಸಿದ ಬಳಪದ ಕಲ್ಲು ಮೆದು. ಬ್ಲೇಡು ಒಮ್ಮೆ ತಾಗಿದರೂ ಮಾಯದ ಗೀರು ಬೀಳುತ್ತದೆ, ದಾರ ಪದೇಪದೇ ಬಡಿದರೆ ಪಾದದ ಕೆತ್ತನೆ ಸವೆಯುತ್ತದೆ. ಊರಿನವರು ಸೇರಿ ಗುಡಿಯ ಆವರಣ ಸ್ವಚ್ಛ ಮಾಡುವ ದಿನ ಯಂತ್ರವನ್ನು ಕಲ್ಲಿನಿಂದ ಒಂದು ಮೊಳ ದೂರ ನಿಲ್ಲಿಸಿ, ಉಳಿದದ್ದನ್ನು ಕೈಯಲ್ಲಿ ಕೀಳಬೇಕು. ಎಂಟುನೂರು ವರ್ಷ ಉಳಿದು ಬಂದದ್ದನ್ನು ನಮ್ಮ ಅವಸರ ಕೆಡಿಸಬಾರದು.

ನಿಂತ ಯಂತ್ರ

ಇಲ್ಲಿ ಕಳೆಯ ಕೆಲಸ ಮುಂಗಾರಿನಿಂದ ದೀಪಾವಳಿಯವರೆಗೆ. ಸಂಕ್ರಾಂತಿಯಿಂದ ಮೊದಲ ಮಳೆಯವರೆಗೆ ಯಂತ್ರ ಮೂಲೆಯಲ್ಲಿ ನಿಂತಿರುತ್ತದೆ, ಚನ್ನರಾಯಪಟ್ಟಣದ ಕಡೆ ಇನ್ನೂ ಹೆಚ್ಚು ದಿನ. ಮುಂಗಾರು ಮಳೆ ಬಿದ್ದು ಹುಲ್ಲು ಎದ್ದ ವಾರ ರಿಪೇರಿ ಅಂಗಡಿಗಳ ಮುಂದೆ ಯಂತ್ರಗಳ ಸಾಲು. ದೂರು ಎಲ್ಲರದ್ದೂ ಒಂದೇ: ಹೋದ ವರ್ಷ ಚೆನ್ನಾಗಿತ್ತು, ಈಗ ಸ್ಟಾರ್ಟ್ ಆಗುತ್ತಿಲ್ಲ. ಬಹುಪಾಲು ಯಂತ್ರಗಳಲ್ಲಿ ಕಾರಣ ಟ್ಯಾಂಕಿನಲ್ಲಿ ಉಳಿದ ಹಳೆಯ ಪೆಟ್ರೋಲು.

ಪೆಟ್ರೋಲಿನ ಹಗುರ ಅಂಶ ತಿಂಗಳೊಪ್ಪತ್ತಿನಲ್ಲಿ ಆವಿಯಾಗಿ ಅಂಟು ಉಳಿಯುತ್ತದೆ. ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಗಿ ಈಗ ಬಂಕುಗಳಲ್ಲಿ ಸಾಮಾನ್ಯವಾಗಿದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ, ತೇವ ಹೆಚ್ಚಾದಾಗ ನೀರಿನೊಡನೆ ಬೇರ್ಪಟ್ಟು ತಳ ಸೇರುತ್ತದೆ, ಅದಕ್ಕೆ ಒಗ್ಗದ ರಬ್ಬರನ್ನು ಗಟ್ಟಿ ಮಾಡುತ್ತದೆ. ಕಾರಿನಲ್ಲಿ ಇದು ಗೊತ್ತಾಗದಿರಬಹುದು. ಅಂಗೈಯಲ್ಲಿ ಹಿಡಿಸುವ ಕಾರ್ಬ್ಯುರೇಟರಿನ ಸೂಜಿತೂತುಗಳಲ್ಲಿ ಬೇಗ ಗೊತ್ತಾಗುತ್ತದೆ.

ಅಂಥ ಒಂದು ಕಾರ್ಬ್ಯುರೇಟರನ್ನು ಜಗಲಿಯ ಮೇಲೆ ಹಳೆಯ ಪೇಪರ್ ಹಾಸಿ ಬಿಚ್ಚಿದರೆ ಕಾಣುವುದು ಹೀಗೆ. ಮೊದಲು ವಾಸನೆ: ಪೆಟ್ರೋಲಿನ ಘಾಟು ಇಲ್ಲ, ಹುಳಿ ಹಿಡಿದ ವಾರ್ನಿಷ್ಷಿನ ವಾಸನೆ. ಪಾರದರ್ಶಕವಾಗಿದ್ದ ಪ್ರೈಮರ್ ಗುಬ್ಬಿ ಹಳದಿಯಾಗಿ, ಒತ್ತಿದರೆ ತಗ್ಗಾಗಿಯೇ ಉಳಿಯುತ್ತದೆ. ನಾಲ್ಕು ತಿರುಪು ತೆಗೆದು ಮುಚ್ಚಳ ಎತ್ತಿದಾಗ ಒಳಗಿನ ಡಯಾಫ್ರಂ, ಮೆತ್ತನೆಯ ಚರ್ಮದಂತೆ ಇರಬೇಕಾದದ್ದು, ಬಿಸಿಲಿಗಿಟ್ಟ ಹಪ್ಪಳದ ಹಾಗೆ ಮುದುಡಿದೆ. ಒಳಗಿನ ಜರಡಿ ಉಗುರಿನಷ್ಟಗಲ, ಅದರ ಮೇಲೆ ಬೆಲ್ಲದ ಪಾಕದ ಬಣ್ಣದ ಪೊರೆ. ಸೂಜಿಕವಾಟ ಒತ್ತಿದರೆ ಮೇಲೇಳುವುದಿಲ್ಲ. ಮಾಡಬೇಕಾದದ್ದು ಇಷ್ಟೆ: ಪೆಟ್ರೋಲಿನ ಹರಿವನ್ನು ಹೊಂದಿಸುವ ತಿರುಪುಸೂಜಿಗಳು ಎಷ್ಟು ಸುತ್ತು ತೆರೆದಿದ್ದವು ಎಂದು ಬರೆದಿಟ್ಟುಕೊಂಡು ಬಿಚ್ಚುವುದು, ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ ಪ್ರತಿ ತೂತಿನಲ್ಲೂ ಅದು ಇನ್ನೊಂದು ಕಡೆಗೆ ಹೊರಬರುವುದನ್ನು ಕಣ್ಣಾರೆ ನೋಡುವುದು, ಡಯಾಫ್ರಂ ಮತ್ತು ಗ್ಯಾಸ್ಕೆಟ್ ಹೊಸದು ಹಾಕುವುದು, ಟ್ಯಾಂಕಿನೊಳಗಿನ ಫಿಲ್ಟರನ್ನು ತಂತಿಯ ಕೊಕ್ಕೆಯಿಂದ ಎಳೆದು ಬದಲಿಸುವುದು. ತಂತಿ ತೂರಿಸಿ ಜೆಟ್ಟಿನ ತೂತು ಕೆರೆಯಬಾರದು, ತೂತು ದೊಡ್ಡದಾದರೆ ಅಳತೆ ಕೆಟ್ಟಿತು. ಸಾಮಾನ್ಯ ಮಾದರಿಯ ಯಂತ್ರಗಳಿಗೆ ಇಡೀ ಕಾರ್ಬ್ಯುರೇಟರೇ ಅಗ್ಗಕ್ಕೆ ಸಿಗುವುದರಿಂದ ತೊಳೆದೂ ಸರಿಹೋಗದಿದ್ದರೆ ಬದಲಿಸಿಬಿಡಬಹುದು.

ಈ ರಿಪೇರಿಯನ್ನೇ ತಪ್ಪಿಸುವ ದಾರಿ ಸುಲಭ. ಹಂಗಾಮಿನ ಕೊನೆಯ ದಿನ ಟ್ಯಾಂಕು ಬಗ್ಗಿಸಿ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಬೇಕು. ಪ್ಲಗ್ ಬಿಚ್ಚಿ ನಾಲ್ಕು ಹನಿ ಟೂ ಸ್ಟ್ರೋಕ್ (2ಟಿ) ಆಯಿಲ್ ಬಿಟ್ಟು, ಹಗ್ಗ ಎರಡು ಸಲ ಮೆಲ್ಲಗೆ ಎಳೆದು, ಪ್ಲಗ್ ಹಾಕಿ ಇಡಬೇಕು.

ಟೂ ಸ್ಟ್ರೋಕ್ ಯಂತ್ರದ ಪೆಟ್ರೋಲಿಗೆ ಬೆರೆಸುವ ಆಯಿಲ್ ಪ್ರಮಾಣದಲ್ಲಿ ಊಹೆ ಕೂಡದು. ಲೀಟರಿಗೆ 40 ಮಿ.ಲೀ. ಎಂದರೆ 25ಕ್ಕೆ 1, 20 ಮಿ.ಲೀ. ಎಂದರೆ 50ಕ್ಕೆ 1. ಯಂತ್ರದ ಮೇಲೆ ಅಥವಾ ಕೈಪಿಡಿಯಲ್ಲಿ ಬರೆದ ಪ್ರಮಾಣವೇ ಅಂತಿಮ. ಆಯಿಲ್ ಹೆಚ್ಚಾದರೆ ಹೊಗೆ, ಪ್ಲಗ್ ಕಪ್ಪಗಾಗುವುದು, ಸೈಲೆನ್ಸರ್ ಜಾಲರಿಗೆ ಕರಿ ಕಟ್ಟುವುದು, ಇವೆಲ್ಲ ತೊಳೆದರೆ ಹೋಗುವ ದೋಷಗಳು. ಆಯಿಲ್ ಇಲ್ಲದ ಪೆಟ್ರೋಲ್ ಹಾಕಿ ಓಡಿಸಿದರೆ ಪಿಸ್ಟನ್ ಗೀರಿ ಎಂಜಿನ್ ಹಿಡಿದುಕೊಳ್ಳುತ್ತದೆ, ಅದಕ್ಕೆ ಮದ್ದಿಲ್ಲ. ಬೈಕಿಗೆ ತಂದ ಪೆಟ್ರೋಲಿನ ಕ್ಯಾನು, ಮಷೀನಿನ ಕ್ಯಾನು ಎರಡೂ ಒಂದೇ ಬಣ್ಣದ್ದಾಗಿರುವ ಮನೆಗಳಲ್ಲಿ ಇದು ನಡೆಯುತ್ತದೆ. ಮಿಶ್ರಣದ ಕ್ಯಾನಿಗೆ ಕೆಂಪು ಬಟ್ಟೆ ಕಟ್ಟುವ ರೂಢಿ ಒಳ್ಳೆಯದು.

ಪೆಟ್ರೋಲ್ ಸರಿಯಿದ್ದೂ ಯಂತ್ರ ಏಳದಿದ್ದರೆ ಕಿಡಿ ನೋಡಬೇಕು. ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಸಿಲಿಂಡರಿನ ರೆಕ್ಕೆಗೆ ತಾಗಿಸಿ, ಪ್ಲಗ್ ತೂತಿನಿಂದ ದೂರ ಹಿಡಿದು ಹಗ್ಗ ಎಳೆದರೆ ನೀಲಿ ಕಿಡಿ ಕಾಣಬೇಕು. ಪ್ಲಗ್ಗಿನ ಸಂದು 0.6ರಿಂದ 0.7 ಮಿ.ಮೀ. ಕಿಡಿಯೇ ಇಲ್ಲದಿದ್ದರೆ ಮೊದಲ ಅನುಮಾನ ಹಿಡಿಕೆಯ ಸ್ವಿಚ್ಚಿನ ತಂತಿಯ ಮೇಲೆ. ಅದರ ಮೇಲ್ಸಿಪ್ಪೆ ಸವೆದು ಮೈಗೆ ತಾಗಿದರೆ ಯಂತ್ರ ಸದಾ ಆಫ್ ಆಗಿಯೇ ಇರುತ್ತದೆ. ಕಾಯಿಲ್ ಬದಲಿಸಿದಾಗ ಫ್ಲೈವೀಲಿಗೂ ಅದಕ್ಕೂ ನಡುವೆ ಒಂದು ವಿಸಿಟಿಂಗ್ ಕಾರ್ಡಿನ ದಪ್ಪ, ಅಂದರೆ ಸುಮಾರು 0.3 ಮಿ.ಮೀ. ಸಂದು ಬಿಡುತ್ತಾರೆ.

ಎದ್ದು ಎರಡು ನಿಮಿಷಕ್ಕೆ ನಿಂತರೆ ಟ್ಯಾಂಕಿನ ಮುಚ್ಚಳ ಸ್ವಲ್ಪ ಸಡಿಲಿಸಿ ನೋಡಿ. ಆಗ ಓಡಿದರೆ ಮುಚ್ಚಳದ ಗಾಳಿತೂತು ಮುಚ್ಚಿದೆ. ಬಿಸಿಯಾದ ಮೇಲೆ ಶಕ್ತಿ ಕುಂದಿದರೆ ಸೈಲೆನ್ಸರಿನ ಜಾಲರಿ ತೆಗೆದು ತಂತಿಬ್ರಷ್ಷಿನಿಂದ ಉಜ್ಜಬೇಕು. ಸ್ಪಾಂಜಿನ ಏರ್ ಫಿಲ್ಟರನ್ನು ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಆಯುಧಪೂಜೆಯ ದಿನ ಪೈಪು ಹಿಡಿದು ಯಂತ್ರಕ್ಕೆ ನೀರು ಬಿಡುವವರಿದ್ದಾರೆ, ಫಿಲ್ಟರಿನೊಳಗೂ ಸೈಲೆನ್ಸರಿನೊಳಗೂ ನೀರು ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಕುಂಕುಮ ಇಟ್ಟರೆ ಸಾಕು.

ದಾರ ಸುತ್ತುವುದು

ಅಂಗಡಿಗೆ ಬರುವ ಇನ್ನೊಂದು ದೂರು ದಾರ ಹೊರಬರುತ್ತಿಲ್ಲ ಎಂಬುದು. ನೆಲಕ್ಕೆ ಕುಟ್ಟಿದಾಗ ದಾರ ಬಿಡುವ ತಲೆಯೊಳಗೆ ಒಂದು ಸ್ಪ್ರಿಂಗು, ಒಂದು ರಾಟೆ ಇರುತ್ತವೆ. ಸುತ್ತುಗಳು ಒಂದರ ಮೇಲೊಂದು ಅಡ್ಡ ಬಿದ್ದಿದ್ದರೆ ಕೆಲಸದ ಬಿಸಿಗೆ ಕರಗಿ ಅಂಟಿಕೊಳ್ಳುತ್ತವೆ. ಎರಡು ಎಳೆಯ ತಲೆಗೆ ದಾರವನ್ನು ನಡುವೆ ಮಡಚಿ, ಮಡಿಕೆಯನ್ನು ರಾಟೆಯ ಸೀಳಿಗೆ ಸಿಕ್ಕಿಸಿ, ಮೇಲಿನ ಅಂಕಣದಲ್ಲಿ ಒಂದೆಳೆ, ಕೆಳಗಿನದರಲ್ಲಿ ಇನ್ನೊಂದೆಳೆ, ಬಾಣದ ಗುರುತಿನ ದಿಕ್ಕಿನಲ್ಲೇ ಬಿಗಿಯಾಗಿ ಪಕ್ಕಪಕ್ಕಕ್ಕೆ ಸುತ್ತಬೇಕು. ಗೇಣುದ್ದ ಬಿಟ್ಟು ಎರಡು ತೂತಿಗೆ ತೂರಿಸಿ ಮುಚ್ಚಿದರೆ ಮುಗಿಯಿತು. ರಾಟೆ ತುಂಬಿ ತುಳುಕುವಷ್ಟು ಸುತ್ತಬಾರದು.

ದಾರದ ದಪ್ಪ ತಲೆಯ ಮೇಲೆ ಬರೆದಿರುತ್ತದೆ. ವಿದ್ಯುತ್ ಯಂತ್ರಕ್ಕೆ 1.6 ಮಿ.ಮೀ. ಆಸುಪಾಸು, ಪೆಟ್ರೋಲ್ ಯಂತ್ರಕ್ಕೆ 2.4ರಿಂದ 3 ಮಿ.ಮೀ. ದಪ್ಪದ್ದು ಹಾಕಿದರೆ ಹೆಚ್ಚು ಕೊಯ್ಯುತ್ತದೆಂದು ಸಣ್ಣ ಮೋಟರಿಗೆ 3 ಮಿ.ಮೀ. ಸುತ್ತಿದರೆ ಮೋಟರ್ ಸುಡುತ್ತದೆ. ನೈಲಾನ್ ತೇವ ಹೀರುವ ವಸ್ತು. ಬೇಸಿಗೆಯಲ್ಲಿ ಒಣಗಿ ಪೆಡಸಾದ ದಾರ ಬುಡದಲ್ಲೇ ಪಟಪಟ ಮುರಿಯುತ್ತದೆ. ಬಳಸುವ ಹಿಂದಿನ ರಾತ್ರಿ ಬಕೆಟ್ಟಿನ ನೀರಿನಲ್ಲಿ ನೆನೆಹಾಕಿದರೆ ಮತ್ತೆ ಬಳುಕುತ್ತದೆ. ಅವರೆಕಾಳು ನೆನೆಹಾಕುವ ಮನೆಯಲ್ಲಿ ಇದೇನೂ ಹೆಚ್ಚುವರಿ ಕೆಲಸವಲ್ಲ.

ಕೊಳವೆ ಮತ್ತು ಗೇರು

ಎಂಜಿನ್ ಓಡಿಯೂ ತಲೆ ತಿರುಗದಿದ್ದರೆ ಕ್ಲಚ್ ಶೂ ಸವೆದಿದೆ, ಇಲ್ಲವೇ ಕೊಳವೆಯೊಳಗಿನ ಸಲಾಕೆಯ ಹಲ್ಲು ಹೋಗಿದೆ. ಆಕ್ಸಿಲರೇಟರ್ ಬಿಟ್ಟ ಮೇಲೂ ತಲೆ ತಿರುಗುತ್ತಿದ್ದರೆ ಐಡಲ್ ಹೆಚ್ಚಾಗಿದೆ ಅಥವಾ ಕ್ಲಚ್ಚಿನ ಸ್ಪ್ರಿಂಗು ತುಂಡಾಗಿದೆ. ಹೀಗೆ ತಲೆ ತಾನಾಗಿ ತಿರುಗುವುದನ್ನು ಅಲಕ್ಷಿಸಿ ಕೆಲಸ ಮಾಡಬಾರದು. ತುದಿಯ ಗೇರ್ ಪೆಟ್ಟಿಗೆಯ ಪಕ್ಕದಲ್ಲಿ ಒಂದು ಬೋಲ್ಟು ಇದೆ, ಅದು ಇರುವುದು ಗ್ರೀಸ್ ತುಂಬಲಿಕ್ಕೆ. 25 ಗಂಟೆಯ ಕೆಲಸಕ್ಕೊಮ್ಮೆ ತುಂಬಿದರೆ ವರ್ಷಗಟ್ಟಲೆ ಬಾಳುತ್ತದೆ. ಎಷ್ಟೋ ಯಂತ್ರಗಳಲ್ಲಿ ಕೊಂಡ ದಿನದಿಂದ ಆ ಬೋಲ್ಟು ಬಿಚ್ಚಿರುವುದೇ ಇಲ್ಲ.

ಬ್ಲೇಡಿನ ನಟ್ಟು ಎಡಮರೆ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಇದು ತಿಳಿಯದೆ ಎಡಕ್ಕೆ ಹಾಕಿ ಜಗ್ಗಿ ಶಾಫ್ಟಿನ ಮರೆ ಹಾಳುಮಾಡಿಕೊಳ್ಳುವವರು ಬಹಳ.

ಹಳೆಯ ಎಂಜಿನ್ನಿಗೆ ಇನ್ನೂ ಹಣ ಹಾಕಬಹುದೇ ಎಂದು ತಿಳಿಯಲು ಮೆಕ್ಯಾನಿಕ್ಕುಗಳ ಒಂದು ಪರೀಕ್ಷೆ ಇದೆ. ಯಂತ್ರವನ್ನು ಸ್ಟಾರ್ಟರ್ ಹಗ್ಗದ ಹಿಡಿಯಿಂದಲೇ ಮೇಲೆತ್ತುತ್ತಾರೆ. ತಡೆತಡೆದು ನಿಧಾನಕ್ಕೆ ಇಳಿದರೆ ಕಂಪ್ರೆಶನ್ ಇದೆ. ಸರ್ರನೆ ಜಾರಿದರೆ ಪಿಸ್ಟನ್, ರಿಂಗು ಸವೆದಿವೆ, ಆ ದುಡ್ಡನ್ನು ಹೊಸ ಯಂತ್ರಕ್ಕೆ ಸೇರಿಸುವುದೇ ವಿವೇಕ.

ನಡೆಸುವಾಗ

ಬ್ರಷ್ ಕಟರಿನ ಬ್ಲೇಡು ಮೇಲಿನಿಂದ ನೋಡಿದರೆ ಸಾಮಾನ್ಯವಾಗಿ ಎಡಕ್ಕೆ ಸುತ್ತುತ್ತದೆ. ಆದ್ದರಿಂದ ಬಲದಿಂದ ಎಡಕ್ಕೆ ಬೀಸಿ ಕೊಯ್ಯಬೇಕು. ಗಡಿಯಾರದ 12ರಿಂದ 3ರ ನಡುವಿನ ಭಾಗ ಕಲ್ಲಿಗೋ ಬೊಡ್ಡೆಗೋ ತಾಗಿದರೆ ಯಂತ್ರ ಬಲಕ್ಕೂ ಹಿಂದಕ್ಕೂ ಒದೆಯುತ್ತದೆ. ಪಕ್ಕದಲ್ಲಿ ಯಾರೂ 15 ಮೀಟರ್ ಒಳಗೆ ನಿಲ್ಲಬಾರದು, ಮಕ್ಕಳಂತೂ ಅಂಗಳದಲ್ಲೇ ಇರಬಾರದು. ರಸ್ತೆಬದಿಯ ಸೈಟಿನಲ್ಲಿ ಹಾರಿದ ಒಂದು ಹರಳು ನಿಂತ ಕಾರಿನ ಗಾಜು ಒಡೆಯಲು ಸಾಕು. ಕನ್ನಡಕ, ಕಿವಿಯ ರಕ್ಷಣೆ, ಮೊಣಕಾಲಿನವರೆಗಿನ ಬೂಟು ಇಲ್ಲದೆ ಯಂತ್ರ ಎತ್ತಬಾರದು. ಬೂಟು ಕಲ್ಲಿಗಾಗಿ ಎಷ್ಟೋ ಅಷ್ಟೇ ಹಾವಿಗಾಗಿ: ಕೊಳಕುಮಂಡಲ ಮಲಗುವುದು ಇಂಥ ಹುಲ್ಲಿನಲ್ಲೇ, ಎಂಜಿನ್ನಿನ ಸದ್ದಿನಲ್ಲಿ ಅದರ ಬುಸುಗುಟ್ಟುವಿಕೆ ಕೇಳುವುದಿಲ್ಲ. ಎತ್ತರದ ಹುಲ್ಲಿಗೆ ಇಳಿಯುವ ಮೊದಲು ಉದ್ದನೆಯ ಕೋಲಿನಿಂದ ಸುತ್ತ ಬಡಿದು, ಒಂದೆರಡು ನಿಮಿಷ ಬಿಟ್ಟು, ಆಮೇಲೆ ಹಗ್ಗ ಎಳೆಯುತ್ತಾರೆ.